ಪೋರ್ಷನ್‌ನಲ್ಲಿ ಇಲ್ಲದ ಅಜ್ಜಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲಾ ವ್ಯಾನಿನ ಸೀಟುಗಳ ಸಂದಿಯಲ್ಲಿ ಕೈ ತೂರಿಸಿ ಚಾಕೊಲೇಟ್ ಕಾಗದ, ಮುರಿದ ಪೆನ್ಸಿಲ್, ಯಾರದೋ ಒಂಟಿ ಕಾಲುಚೀಲ ಹೆಕ್ಕುತ್ತಿದ್ದಾರೆ ವ್ಯಾನಕ್ಕ. ಮಕ್ಕಳನ್ನು ಹತ್ತಿಸಿ ಇಳಿಸುವ ಇವರನ್ನು ಎಲ್ಲರೂ ಕರೆಯುವುದೇ ಹಾಗೆ. ಹೊರಗೆ ಅವರ ಭಾವ, ಅಂದರೆ ವ್ಯಾನಿನ ಚಾಲಕ, ಟೈರಿಗೆ ಗಾಳಿ ತುಂಬುತ್ತಿದ್ದಾರೆ.

ಗಂಡ ತೀರಿಕೊಂಡಾಗ ಈ ಕೆಲಸ ಕೊಡಿಸಿದವರು ಭಾವನೇ. ದಿನಕ್ಕೆರಡು ಟ್ರಿಪ್ಪು, ನಲವತ್ತು ಮಕ್ಕಳು. ವಾಂತಿ ಒರೆಸಬೇಕು, ಜುಟ್ಟು ಜಗಳ ಬಿಡಿಸಬೇಕು, ಮಲಗಿದವರನ್ನು ಎಬ್ಬಿಸಿ ಇಳಿಸಬೇಕು. "ಒಂದಿನ ತಪ್ಪಾದ್ರೆ ನಲವತ್ತು ಮನೆಯವ್ರೂ ಬೈತಾರೆ. ಸರಿ ಇದ್ದ ದಿನ ಯಾರೂ ನನ್ನ ಮುಖ ಕೂಡ ನೋಡಲ್ಲ," ಎಂದು ನಗುತ್ತಾರೆ.

ಹೋದ ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು ಕಣ್ಣುಮುಚ್ಚಿ ಮಗ್ಗಿಯಂತೆ ಉರು ಹೊಡೆಯುತ್ತಿದ್ದಳು: "ಅಜ್ಜಿಯ ಪಾತ್ರದಿಂದ ನಾವು ತಾಳ್ಮೆ, ಸಹನೆ, ಹೊಂದಾಣಿಕೆಯ ಮೌಲ್ಯಗಳನ್ನು ಕಲಿಯುತ್ತೇವೆ."

"ಯಾವ ಅಜ್ಜಿನೇ ಅದು?" ವ್ಯಾನಕ್ಕ ಕೇಳಿದರು.

"ಕಾದಂಬರಿದು ಅಕ್ಕ. ಕಿವುಡಿ. ಸೊಸೆ ಎಷ್ಟು ಬೈದ್ರೂ ಸುಮ್ನಿರ್ತಾಳೆ."

"ಆಮೇಲೇನಾಯ್ತು?"

"ಗೊತ್ತಿಲ್ಲ. ಕೊನೇ ಅಧ್ಯಾಯ ಪರೀಕ್ಷೆ ಪೋರ್ಷನ್‌ನಲ್ಲಿಲ್ಲ."

ಆ ತರಗತಿಯ ಮಕ್ಕಳು ವ್ಯಾನಿನಲ್ಲಿ ಇನ್ನೂ ಹಲವರಿದ್ದರು. ಒಬ್ಬರಿಗೂ ಗೊತ್ತಿರಲಿಲ್ಲ. ಅರ್ಧ ವರ್ಷ ಪುಸ್ತಕ ಬೆನ್ನ ಮೇಲೆ ಹೊತ್ತಿದ್ದಾರೆ, ಸಂದರ್ಭ ಸಹಿತ ವಿವರಿಸಿದ್ದಾರೆ, ಬಿಟ್ಟ ಸ್ಥಳ ತುಂಬಿದ್ದಾರೆ; ಕೊನೆಗೇನಾಯಿತು ಎಂದು ಹಾಳೆ ತಿರುಗಿಸುವ ಕುತೂಹಲವನ್ನು ಮಾತ್ರ ಯಾರೋ ಅವರಿಂದ ಕಿತ್ತುಕೊಂಡಿದ್ದಾರೆ. ಇದನ್ನು ನಾವು ಸಾಹಿತ್ಯ ಬೋಧನೆ ಎನ್ನುತ್ತೇವೆ.

ಹತ್ತನೇ ತರಗತಿಗೆ ಓದು ನಿಲ್ಲಿಸಿದ ವ್ಯಾನಕ್ಕ ಹುಡುಗಿಯ ಪುಸ್ತಕ ಇಸಿದುಕೊಂಡರು. ಸಂಜೆಯ ಟ್ರಿಪ್ಪಿನಲ್ಲಿ, ತಡವರಿಸುತ್ತಲೇ, ದಿನಕ್ಕಿಷ್ಟು ಗಟ್ಟಿಯಾಗಿ ಓದಿದರು. ಕೊನೆಯ ಅಧ್ಯಾಯದಲ್ಲಿ ಗೊತ್ತಾಯಿತು, ಅಜ್ಜಿ ಕಿವುಡಿಯೇ ಅಲ್ಲ. ಮೊಮ್ಮಗಳ ಮದುವೆಯಲ್ಲಿ, ಬೀಗರೆಲ್ಲರ ಎದುರು, ಸೊಸೆ ಅಷ್ಟು ವರ್ಷ ಆಡಿದ ಮಾತುಗಳನ್ನೆಲ್ಲ ಸೊಸೆಯದೇ ದನಿಯಲ್ಲಿ ಒಪ್ಪಿಸುತ್ತಾಳೆ. ವ್ಯಾನು ನಗೆಯಲ್ಲಿ ಮುಳುಗಿತು. ಭಾವ ನಗು ತಡೆಯಲಾರದೆ ಗಾಡಿ ಪಕ್ಕಕ್ಕೆ ಹಾಕಿದರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಜ್ಜಿಯ ಪಾತ್ರದ ಪ್ರಶ್ನೆಯೇ ಬಂತು. ಹುಡುಗಿ ಬರೆದಳು: 'ಅಜ್ಜಿಗೆ ಎಲ್ಲ ಕೇಳಿಸುತ್ತಿತ್ತು. ಅವಳು ತಾಳ್ಮೆಯವಳಲ್ಲ, ಹೊಂಚು ಹಾಕುತ್ತಿದ್ದಳು. ನನಗೆ ಅವಳು ತುಂಬ ಇಷ್ಟ.' ಕೆಂಪು ಶಾಯಿಯಲ್ಲಿ ಸೊನ್ನೆ ಬಿತ್ತು. ಪಕ್ಕದಲ್ಲಿ ಷರಾ: 'ಪೋರ್ಷನ್ ಹೊರಗಿನದು.'

ತಾಯಿ ಶಾಲೆಗೆ ದೂರು ಕೊಟ್ಟರು. ಸೊನ್ನೆ ಹಾಕಿದವರ ಮೇಲಲ್ಲ, ಮಗಳ ತಲೆ ಕೆಡಿಸಿದ ವ್ಯಾನಿನ ಆಯಾ ಮೇಲೆ. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ವ್ಯಾನಕ್ಕ ನಿಂತೇ ಇದ್ದರು. ಕೂರಿ ಎಂದು ಯಾರೂ ಹೇಳಲಿಲ್ಲ.

"ಕೆಲಸ ಹೋಗುತ್ತೇನೋ ಅನ್ನೋ ಭಯ ಇತ್ತು. ಆದ್ರೂ ಕೇಳಿಬಿಟ್ಟೆ. ಮೇಡಂ, ಆ ಮಗು ಪುಸ್ತಕ ಓದಿ ನಕ್ಕಿದೆ. ನಕ್ಕಿದ್ದಕ್ಕೆ ಸೊನ್ನೆನಾ ಅಂದೆ."

ಉತ್ತರವಾಗಿ ವ್ಯಾನಿನಲ್ಲಿ ಇನ್ನು ಓದಕೂಡದು ಎಂಬ ಲಿಖಿತ ಎಚ್ಚರಿಕೆ ಬಂತು. ಹೊರಬಂದಾಗ ಸೊನ್ನೆ ಹಾಕಿದ್ದ ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕು ದನಿ ತಗ್ಗಿಸಿ ಹೇಳಿದರಂತೆ, "ನನಗೂ ಆ ಅಜ್ಜಿ ಇಷ್ಟಾನೇ ಕಣಮ್ಮ. ಏನ್ಮಾಡ್ಲಿ, ಮಾದರಿ ಉತ್ತರದಲ್ಲಿ ಇರೋದಕ್ಕೇ ಅಂಕ ಕೊಡ್ಬೇಕು." ಇಷ್ಟಪಟ್ಟವರ ಕೈಯಿಂದಲೇ ಸೊನ್ನೆ ಹಾಕಿಸುವ ಈ ವ್ಯವಸ್ಥೆಗೆ ಏನೆನ್ನಬೇಕು?

ವ್ಯಾನಕ್ಕ ಈಗ ಓದುವುದಿಲ್ಲ. ಮನೆಯಲ್ಲಿ ಓದಿಕೊಂಡು ಬಂದು ಬಾಯಲ್ಲೇ ಕಥೆ ಹೇಳುತ್ತಾರೆ. ಎಚ್ಚರಿಕೆಯಲ್ಲಿ ಅದರ ಮಾತಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ತಾಳ್ಮೆ, ಸಹನೆ, ಹೊಂದಾಣಿಕೆ ಎಂದೇ ಬರೆದಳು. ಪೂರ್ತಿ ಅಂಕ ಬಂತು. "ಪೇಪರ್ ತಂದು ತೋರಿಸಿದ್ಲು. ಶಭಾಷ್ ಅನ್ನೋಕೆ ಬಾಯೇ ಬರ್ಲಿಲ್ಲ," ಎನ್ನುತ್ತಾ ವ್ಯಾನಕ್ಕ ಒದ್ದೆ ಬಟ್ಟೆ ಹಿಂಡುತ್ತಾರೆ. "ನನ್ನ ಮುಖ ನೋಡಿ ಅವಳೇ ಕಿವಿ ಹತ್ರ ಬಂದು, ಅಕ್ಕ, ಇದು ಅವ್ರಿಗೆ ಬರೆದಿದ್ದು, ಅಜ್ಜಿ ಎಂಥೋಳು ಅಂತ ನಮಗೆ ಗೊತ್ತಲ್ವಾ ಅಂದ್ಲು. ಅಷ್ಟಾದ್ರೂ ಉಳಿಸಿಕೊಂಡ್ಳಲ್ಲ, ನನಗೆ ಅದೇ ಸಾಕು."