ಹೊಂಗೆ ಇದ್ದ ಜಾಗದ ಹುಲ್ಲು

ಮನೆ ಮುಂದಿನ ಹೊಂಗೆ ಕಡಿಸುವ ಮುಂಚೆ ನಾನು ಅಣ್ಣನನ್ನು ಒಂದು ಮಾತೂ ಕೇಳಲಿಲ್ಲ.

ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದರೆ, ಅವನು ಮರದ ಬುಡವನ್ನೊಮ್ಮೆ ತಟ್ಟಿ, ನೆರಳಿಗೆ ಮಂಚ ಎಳೆದು ಮಲಗುತ್ತಿದ್ದ. ಅವನ ಶೀಟಿನ ಕೋಣೆ ಹಗಲು ಕಾದ ಹಂಚಿನಂತಿರುತ್ತಿತ್ತು. ಮನೆಯ ಒಂದು ಭಾಗ ಬಾಡಿಗೆಗೆ ಕೇಳಿ ಬರುವ ಕಂಪನಿಯವರಿಗೆ ಚೆನ್ನಾಗಿ ಕಾಣಲೆಂದು ನಾನು ಲಾನ್ ಹಾಕಿಸುವ ಮಾತೆತ್ತಿದಾಗಲೆಲ್ಲ, "ಹುಲ್ಲಿನ ಕೆಳಗೆ ಮಂಚ ಹಾಕೋಕಾಯ್ತದೇನೋ?" ಎಂದು ನಗುತ್ತಿದ್ದ.

ನೆರಳಲ್ಲಿ ಹುಲ್ಲು ಬೇರು ಹಿಡಿಯದೆಂದು ತೋಟದವನು ಹೇಳಿದ. ಅಣ್ಣ ಪಾಳಿ ಮುಗಿದ ಮೇಲೂ ಓಟಿ ಮಾಡಲು ಕಾರ್ಖಾನೆಯಲ್ಲೇ ಉಳಿದ ದಿನ ಮರ ಕಡಿಸಿಬಿಟ್ಟೆ. ಅವನು ಬೈಯಲಿಲ್ಲ. ಲಾನ್ ಹಾಕಿದ ಮೇಲೆ, "ನಿನ್ನ ಹುಲ್ಲು ತುಳಿದ್ಬಿಟ್ನೇನೋ?" ಎನ್ನುತ್ತ ಅಂಚಿನಲ್ಲೇ ನಡೆಯುತ್ತಿದ್ದ.

ನಿದ್ದೆಯಿಲ್ಲದ ಆ ಬೇಸಿಗೆಯಲ್ಲಿ ಅವನು ಯಂತ್ರದ ಮುಂದೆ ತೂಕಡಿಸಿ ಮೂರು ಬೆರಳು ಕಳೆದುಕೊಂಡ. ಆಸ್ಪತ್ರೆಯಲ್ಲಿ ಕೊನೆಗೂ ಬಾಯಿಬಿಟ್ಟೆ: "ತಪ್ಪಾಯ್ತು ಅಣ್ಣ. ನಿನ್ನ ನಿದ್ದೆ ಕಿತ್ಕೊಂಡೋನು ನಾನೇ."