ಒಂಬತ್ತು ಪೆಂಟೆ ಬೆಲ್ಲದ ಕೊಟ್ರಮ್ಮ

ಬಳೆಗಾರ ನಮ್ಮ ಗಿರಣಿಯ ಕಟ್ಟೆಯ ಮೇಲೆ ಗಂಟು ಇಳಿಸಿದ ಕೂಡಲೆ ಕೊಟ್ರಮ್ಮ ಒಳಗಿನಿಂದ ಸೋಪಿನ ತುಂಡು, ಒಂದು ತಂಬಿಗೆ ನೀರು ಹಿಡಿದುಕೊಂಡು ಬಂದಳು. ಎರಡನ್ನೂ ಅವನು ಕೇಳಬೇಕಾಗಿರಲಿಲ್ಲ. ಅವಳಿಗೆ ಬಳೆ ಇಡಿಸುವುದು ಅಂದರೆ ಅರ್ಧ ತಾಸಿನ ಕೆಲಸ ಎಂದು ಇಬ್ಬರಿಗೂ ಗೊತ್ತಿತ್ತು.

“ಎರಡು ಹತ್ತು ತಂದೀ ಇಲ್ಲೋ ಅಣ್ಣ?”

“ತಂದೀನವ್ವ. ಆ ಸೈಜಿಗೆ ನಮ್ಮ ಅಂಗಡ್ಯಾಗ ನಿನ್ನ ಹೆಸರ ಇಟ್ಟೀವಿ.”

ಅವಳು ನಕ್ಕಳು. ನಗುವಾಗ ಕಟ್ಟೆಯೂ ನಗುತ್ತದೆ ಎಂದು ನಮ್ಮ ಅವ್ವ ಅನ್ನುತ್ತಿದ್ದಳು. ಮೊದಲ ಮೂರು ಬಳೆ ಗೆಣ್ಣಿನ ಹತ್ತಿರ ಬಂದು ಚೂರಾದವು. ಒಳಗಿನಿಂದ ಅವ್ವ ಕೂಗಿದಳು, “ಸ್ವಲ್ಪ ಮೈ ಇಳಿಸ್ಕೋ ಅಂದ್ರ ಕೇಳಂಗಿಲ್ಲ ನೀನು.”

“ಬಳಿ ಸಣ್ಣದಿದ್ರ ಅದು ಬಳಿ ತಪ್ಪ್ರಿ ಅತ್ತಿ. ಕೈ ಏನ್ ಮಾಡೀತು?”

ಕೊನೆಗೆ ಕೈಗೆ ಹನ್ನೆರಡರಂತೆ ಹಸಿರು ಬಳೆ ಏರಿದವು. ಅವಳು ಎರಡೂ ಕೈಯನ್ನು ಒಮ್ಮೆ ಅಲ್ಲಾಡಿಸಿ, ಸಪ್ಪಳ ಬರುತ್ತದೋ ಇಲ್ಲವೋ ನೋಡಿ, ಜೋಳ ಜಾಲಿಸಲು ಎದ್ದು ಹೋದಳು. ನಮ್ಮ ಮನೆಯ ಕೊನೆಯ ಸಾಧಾರಣ ದಿನ ಅದು. ಎರಡು ತಿಂಗಳ ಮೇಲೆ ರೊಟ್ಟಿಯ ಹಿಟ್ಟು ನಾದುತ್ತಿದ್ದಾಗ ಅದೇ ಬಳೆಗಳಲ್ಲಿ ಎರಡು ತಾವಾಗಿ ಜಾರಿ ಪರಾತದೊಳಗೆ ಬಿದ್ದವು. ನಾವು ಯಾರೂ ಹೆದರಲಿಲ್ಲ. ಸಂತೋಷಪಟ್ಟೆವು.

ಅದನ್ನು ಹೇಳುವ ಮುಂಚೆ ಕೊಟ್ರಮ್ಮ ಎಂಥವಳು ಎಂಬುದನ್ನು ಹೇಳಬೇಕು. ಅವಳು ನನ್ನ ಹೆಂಡತಿ. ತವರು ತಂಬ್ರಹಳ್ಳಿ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ನಾನು ಓದಿದ್ದು ಹತ್ತನೆಯ ಇಯತ್ತೆವರೆಗೆ. ಬರೆದದ್ದು ಕಡಿಮೆ. ಆದರೂ ಇದನ್ನು ಬರೆದು ಮುಗಿಸುವುದೇ ಎಂದು ಕುಳಿತಿದ್ದೇನೆ.

ಅವಳು ದಪ್ಪ, ನಾನು ಸಣಕಲ. ಮದುವೆಯ ದಿನ ಸ್ಟುಡಿಯೋದ ವೀರೇಶಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ತನಗೆ ಗೊತ್ತಿದ್ದ ಉಪಾಯ ಮಾಡಿದ. ನನ್ನ ಕೋಟಿನ ಹೆಗಲಿನೊಳಗೆ ಎರಡು ಟವೆಲ್ ಮಡಿಸಿ ತುರುಕಿದ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಹೂವಿನ ಕುಂಡ ಇಟ್ಟು, ಎದೆಯ ಮೇಲಿನ ಭಾಗ ಮಾತ್ರ ಬರುವಂತೆ ತೆಗೆದ. ನನ್ನನ್ನು ಹೆಚ್ಚು ಮಾಡಿದ, ಅವಳನ್ನು ಕಡಿಮೆ ಮಾಡಿದ. ಫೋಟೋ ಕೈಗೆ ಬಂದಾಗ ಕೊಟ್ರಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿ ಅಂದಳು, “ಉಳಿದಾಕಿ ಎಲ್ಲಿ ಅದಾಳ್ರಿ?”

ಊಟದ ವಿಷಯದಲ್ಲಿ ಜನಕ್ಕೆ ಒಂದು ಖಾತ್ರಿ ಇತ್ತು. ಅವಳು ತಿನ್ನುತ್ತಾಳೆ, ನನಗೆ ಹಾಕುವುದಿಲ್ಲ. ನಿಜ ಅಂದರೆ ನನಗೆ ನಾಲ್ಕು ರೊಟ್ಟಿ ಬೇಕು, ಅವಳಿಗೆ ಒಂದೂವರೆ ಸಾಕು. ಬೀಗರ ಮನೆಯ ಪಂಕ್ತಿಯಲ್ಲಿ ಬಡಿಸುವವರು ನನ್ನ ಎಲೆಗೆ ಕೇಳದೆ ಎರಡನೆಯ ಹೋಳಿಗೆ ಹಾಕಿ, “ಪಾಪ, ತಿನ್ನಪ್ಪ” ಅನ್ನುತ್ತಿದ್ದರು. ಅವಳ ಎಲೆಯ ಮುಂದೆ ಬಂದಾಗ, “ನಿಮಗ ಬ್ಯಾಡಲ್ಲ?” ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಿದ್ದರು. ಅವಳು ನನ್ನ ಎಲೆಯಿಂದ ಆ ಎರಡನೆಯ ಹೋಳಿಗೆ ಎತ್ತಿಕೊಂಡು ಎಲ್ಲರೂ ನೋಡುವ ಹಾಗೆ ತಿನ್ನುತ್ತಿದ್ದಳು. “ಸಣ್ಣಗಿದ್ದೋರಿಗೆ ಊಟ ಹೇಳ್ತಾರ, ದಪ್ಪಗಿದ್ದೋರಿಗೆ ಬುದ್ಧಿ ಹೇಳ್ತಾರ. ನನಗ ಊಟನ ಬೇಕು” ಎನ್ನುತ್ತಿದ್ದಳು.

ತೊಂಬತ್ತರ ದಶಕದ ನಡುವೆ ನಮ್ಮ ಓಣಿಗೆ ಮೊದಲ ಬಣ್ಣದ ಟಿ.ವಿ. ಬಂದದ್ದು ನಮ್ಮ ಮನೆಗೆ. ಸಂಜೆ ಎಂಟು ಹತ್ತು ಹೆಂಗಸರು ಪಡಸಾಲೆಯಲ್ಲಿ ಕೂರುತ್ತಿದ್ದರು. ಆಗ ಒಂದು ಧಾರಾವಾಹಿಯಲ್ಲಿ ನಮ್ಮಂಥದೇ ಜೋಡಿ ಇತ್ತು. ದಪ್ಪ ಹೆಂಡತಿ, ಕಡ್ಡಿಯಂಥ ಗಂಡ. ಅವಳು ಹೊಸ್ತಿಲು ದಾಟಿದರೆ ಡೋಲಿನ ಸಪ್ಪಳ, ಅವನು ಬಂದರೆ ಪೀಪಿಯ ಸಪ್ಪಳ. ಅವಳು ಕುಳಿತರೆ ಮಂಚ ಮುರಿಯಬೇಕು, ಫ್ಯಾನು ಹಾಕಿದರೆ ಅವನು ಹಾರಬೇಕು. ಪಡಸಾಲೆ ಬಿದ್ದು ಬಿದ್ದು ನಗುತ್ತಿತ್ತು. ನಡುನಡುವೆ ನಮ್ಮಿಬ್ಬರನ್ನು ತಿರುಗಿ ನೋಡುತ್ತಿತ್ತು. ಎರಡೇ ವಾರದಲ್ಲಿ ಓಣಿಯ ಹುಡುಗರು ಕೊಟ್ರಮ್ಮ ನೀರಿಗೆ ಹೊರಟರೆ ಬಾಯಲ್ಲೇ ಡೋಲು ಬಾರಿಸಲು ಕಲಿತರು.

ಒಂದು ಸಂಜೆ ಆ ಹೆಂಗಸು ತೆರೆಯ ಮೇಲೆ ಬಂದ ಕೂಡಲೆ ಕೊಟ್ರಮ್ಮ ಎದ್ದು ಹೋಗಿ ಟಿ.ವಿ.ಯ ಸಪ್ಪಳವನ್ನು ಪೂರ್ತಿ ಇಳಿಸಿದಳು.

ಪಕ್ಕದ ಮನೆಯ ಸುಶೀಲಮ್ಮ ಗೊಣಗಿದಳು. “ಯಾಕ ಕೊಟ್ರಮ್ಮಕ್ಕ, ಈಗ ಮಜಾ ಬರೋದಿತ್ತು.”

“ಮಜಾ ಎಲ್ಲೂ ಹೋಗಂಗಿಲ್ಲ. ಡೋಲು ಇಲ್ದಂಗ ಒಮ್ಮಿ ನೋಡ್ರಿ.”

ಎಲ್ಲರೂ ನೋಡಿದರು. ಸಪ್ಪಳವಿಲ್ಲದ ತೆರೆಯ ಮೇಲೆ ಒಬ್ಬ ಹೆಂಗಸು ಕೊಡ ಹೊತ್ತು ಬಂದಳು, ಕೊಡ ಇಳಿಸಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಯಾರೂ ನಗಲಿಲ್ಲ.

“ನೀರು ತಂದಾಳ, ಅಷ್ಟ” ಅಂದಳು ಕೊಟ್ರಮ್ಮ. “ಇದ್ರಾಗ ನಗೋದು ಏನೈತಿ?”

ಅಂದಿನಿಂದ ಅದು ನಮ್ಮ ಮನೆಯ ಕಟ್ಟಳೆಯಾಯಿತು. ಆ ಜೋಡಿ ಬಂದರೆ ಸಪ್ಪಳ ಬಂದ್. ಬೇಡವಾದವರು ಬೇರೆ ಮನೆಗೆ ಹೋದರು, ಬೇಕಾದವರು ಉಳಿದರು. ಜಾಹೀರಾತುಗಳನ್ನು ಮಾತ್ರ ಅವಳು ಸಪ್ಪಳದೊಂದಿಗೇ ನೋಡುತ್ತಿದ್ದಳು. ತೂಕ ಇಳಿಸುವ ಪುಡಿಯದೊಂದು, ತೂಕ ಏರಿಸುವ ಟಾನಿಕ್ಕಿನದೊಂದು. ಎರಡರಲ್ಲೂ ಎರಡೆರಡು ಫೋಟೋ, ಒಂದರ ಕೆಳಗೆ ‘ಮೊದಲು’, ಇನ್ನೊಂದರ ಕೆಳಗೆ ‘ನಂತರ’. ಒಮ್ಮೆ ನನಗೆ ತೋರಿಸಿದಳು. “ನೋಡ್ರಿ, ಮೊದಲಿನಾಕಿಗೆ ಬೆಳಕೂ ಹಾಕಿಲ್ಲ, ನಗಾಕೂ ಬಿಟ್ಟಿಲ್ಲ. ಟಾನಿಕ್ಕಿನಾಗ ನಿಮ್ಮಂಥಾತ ನಿಂತಾನ ನೋಡ್ರಿ, ಅವಂದೂ ಅದ ಹಣೇಬರಹ. ಮೊದಲಿನೋರು ಯಾರಿಗೂ ಬ್ಯಾಡಾಗ್ಯಾರ.”

ಅವಳು ಹುಟ್ಟಿದ್ದು ದಿನ ತುಂಬುವ ಮುಂಚೆ. ಅಂಗೈಯಲ್ಲಿ ಹಿಡಿಯುವಷ್ಟು ಕೂಸು, ಉಳಿಯುವುದಿಲ್ಲ ಎಂದಿದ್ದರಂತೆ. ಅವಳ ಅವ್ವ ಊರ ಈಶ್ವರ ಗುಡಿಯಲ್ಲಿ ಹರಕೆ ಹೊತ್ತಳು. ಮಗಳು ಉಳಿದು ಮೈ ತುಂಬಿಕೊಂಡರೆ ಅವಳ ತೂಕದ ಬೆಲ್ಲ ಒಪ್ಪಿಸುತ್ತೇನೆ ಎಂದು. ಮಗಳು ಉಳಿದಳು. ಹರಕೆ ಮುಂದಕ್ಕೆ ಹೋಗುತ್ತಾ ಹೋಯಿತು. ದೊಡ್ಡವಳಾದ ಮೇಲೆ ನಾಲ್ಕು ಜನರ ಮುಂದೆ ತಕ್ಕಡಿಯಲ್ಲಿ ಕೂರಿಸಲು ಮನೆಯವರಿಗೇ ನಾಚಿಕೆ. ತಾಯಿ ಅದೇ ಕೊರಗಿನಲ್ಲಿ ತೀರಿಕೊಂಡಳು. ಆ ವರ್ಷವೇ ಕೊಟ್ರಮ್ಮ ಹೇಳಿದಳು, “ಈ ಶ್ರಾವಣಕ್ಕ ನಾನು ತಕ್ಕಡ್ಯಾಗ ಕೂಡೋದ.”

ನಮ್ಮ ಅವ್ವ ಬುದ್ಧಿ ಹೇಳಿದಳು. “ಒಂದಾರು ತಿಂಗಳು ತಡಿ. ಸ್ವಲ್ಪ ಇಳಿಸ್ಕೊಂಡು ಆಮ್ಯಾಲ ಕೂಡು.”

“ದೇವ್ರಿಗೆ ತೂಕದಾಗ ಮೋಸ ಮಾಡ್ಲೇನ್ರಿ ಅತ್ತಿ? ಗಿರಣಿಯೋರ ಮನಿ ಸೊಸಿ ನಾನು.”

ಬೆಲ್ಲಕ್ಕೆ ಎಷ್ಟು ಬೀಳುತ್ತದೆ ಎಂದು ಅವ್ವ ಕೇಳಿದಳು.

ಶ್ರಾವಣದ ಎರಡನೆಯ ಸೋಮವಾರ ತಂಬ್ರಹಳ್ಳಿಯ ಗುಡಿಯ ತೊಲೆಗೆ ತಕ್ಕಡಿ ಕಟ್ಟಿದರು. ಹತ್ತು ಕಿಲೋದ ಒಂದೊಂದು ಪೆಂಟೆಯಂತೆ ಬೆಲ್ಲ ಇಳಿಸಿಕೊಂಡಿದ್ದೆವು. ಊರಿಗೆ ಊರೇ ಬಂದಿತ್ತು. ಕೊಟ್ರಮ್ಮ ತಲೆಯ ಮೇಲೆ ಸೆರಗು ಹೊದ್ದು, ಹಲಗೆಯ ಮೇಲೆ ನೆಟ್ಟಗೆ ಕುಳಿತು, ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ನಾನು ಬೆಲ್ಲ ಏರಿಸತೊಡಗಿದೆ. ಐದು, ಆರು, ಏಳು. ಹಿಂದಿನಿಂದ ಯಾರೋ ಇಬ್ಬರು ಬಾಯಲ್ಲಿ ಡೋಲು ಬಾರಿಸಿದರು, ನನಗೆಂದು ಪೀಪಿಯನ್ನೂ ಊದಿದರು. ಗುಡಿಯ ತುಂಬ ನಗು ಹರಡಿತು. ಒಂಬತ್ತನೆಯ ಪೆಂಟೆಗೆ ಹಲಗೆ ನೆಲ ಬಿಟ್ಟು ಎದ್ದಿತು. ಅವಳು ತಲೆ ಎತ್ತಿ ವೀರೇಶಿಯನ್ನು ಕರೆದಳು. ಫೋಟೋಕ್ಕೆಂದು ಅವಳೇ ಅವನನ್ನು ಹೇಳಿ ಕರೆಸಿದ್ದಳು.

“ವೀರೇಶಿ, ಈಗ ತಗಿ. ಪೂರ್ತಿ ಬರಬೇಕು. ಅರ್ಧ ತಗದ್ರ ಒಪ್ಪಂಗಿಲ್ಲ.”

ಅವಳು ನಗುತ್ತಿದ್ದಳು. ವೀರೇಶಿ ಕ್ಯಾಮೆರಾ ಎತ್ತಿ, ನನ್ನ ಕಡೆ ನೋಡಿದ. ಈ ಫೋಟೋ ಅವನ ಸ್ಟುಡಿಯೋದ ಗಾಜಿನ ಹಿಂದೆ ಕುಳಿತರೆ ಇಡೀ ಹಗರಿಬೊಮ್ಮನಹಳ್ಳಿ ನಿಂತು ನಗುತ್ತದೆ ಎಂದು ನನಗೆ ಅನ್ನಿಸಿತು. ನಾನು ಬೆಲ್ಲದ ಜಿಗುಟು ಹತ್ತಿದ್ದ ಕೈಯನ್ನು ಬೇಡ ಎಂಬಂತೆ ಆಡಿಸಿದೆ. ಅವನು ಬರಿದೇ ಕ್ಯಾಮೆರಾ ಹಿಡಿದು, ತೆಗೆದಂತೆ ಮಾಡಿ, ಇಳಿಸಿದ.

ಆಮೇಲೆ ಅವಳು ಗುಡಿಯ ಬಾಗಿಲಲ್ಲಿ ನಿಂತು ತಾನೇ ಬೆಲ್ಲ ಹಂಚಿದಳು. ಡೋಲು ಬಾರಿಸಿದ ಇಬ್ಬರೂ ಸಾಲಿನಲ್ಲಿ ಬಂದಾಗ ದೊಡ್ಡ ದೊಡ್ಡ ತುಂಡು ಕೊಟ್ಟು, “ತಗೋರೆಪ, ನನ್ನ ಎರಡು ತೋಳು. ನಿಮ್ಮವ್ವಗ ಹೇಳ್ರಿ, ಹೋಳಿಗಿ ಮಾಡಾಕ” ಅಂದಳು. ಅವರು ತಲೆ ತಗ್ಗಿಸಿಕೊಂಡು ಹೋದರು.

ಬಸ್ಸು ಇಳಿದು ಬಂದು ಮನೆಯ ಬೀಗ ತೆಗೆಯುವಾಗ ಅವಳು ಹೇಳಿದಳು, “ನೀವು ಕೈ ಆಡಿಸಿದ್ದು ನೋಡೀನಿ. ತಕ್ಕಡ್ಯಾಗ ಕುಂತಾಗ ನನಗ ನಾಚಿಕಿ ಆಗ್ಲಿಲ್ಲ. ನಿಮ್ಮ ಕೈ ನೋಡಿದ ಮ್ಯಾಲ ಆತು.” ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಬಳೆ ಜಾರಿದ್ದು ಇದಾಗಿ ನಾಲ್ಕು ವರ್ಷಕ್ಕೆ. ಕುಪ್ಪಸ ಸಡಿಲವಾದವು, ಉಂಗುರಕ್ಕೆ ದಾರ ಸುತ್ತಬೇಕಾಯಿತು. ಓಣಿಯಲ್ಲಿ ಹೊಗಳಿಕೆಯೋ ಹೊಗಳಿಕೆ. ಸುಶೀಲಮ್ಮ ಬಂದು, “ಯಾವ ಪುಡಿ ತಗೊಂಡ್ರಿ, ನಮಗೂ ಹೇಳ್ರಿ” ಎಂದು ಕೇಳಿದಳು. ಅವ್ವ ದೃಷ್ಟಿ ತೆಗೆದಳು. ಕೊಟ್ರಮ್ಮ ಮಾತ್ರ ಒಂದು ಮುಂಜಾನೆ ಗಿರಣಿಗೆ ಚಹಾ ತಂದವಳು ಹೋಗದೆ ನಿಂತಳು.

“ಎಲ್ಲಾರೂ ಹೊಗಳಾಕತ್ತಾರ. ನನಗ್ಯಾಕೋ ಹೆದರಿಕಿ ಆಗತೈತ್ರಿ. ನಾನು ಏನೂ ಬಿಟ್ಟಿಲ್ಲ, ಉಣ್ಣೂದು ಸೇರವಲ್ದು.”

“ಹೆದರಿಕಿ ಯಾಕ? ಚಂದ ಕಾಣಾಕತ್ತಿ” ಅಂದೆ ನಾನು.

“ಹನ್ನೆರಡು ವರ್ಷದಾಗ ಇವತ್ತ ಮೊದಲ ಸಲ ಅಂದ್ರಿ” ಎಂದು ಹೇಳಿ ಲೋಟ ಎತ್ತಿಕೊಂಡು ಹೋದಳು.

ಅದೇ ವಾರ ನಾನೇ ಅವಳನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಗುಡಿಯ ತಪ್ಪನ್ನು ಸರಿಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ವೀರೇಶಿ ಅವಳನ್ನು ನಿಲ್ಲಿಸಿ ಪೂರ್ತಿ ಫೋಟೋ ತೆಗೆದ. “ನಗ್ರಿ ಅಕ್ಕಾರ” ಎಂದು ಮೂರು ಸಲ ಹೇಳಿದ. ಅವಳು ನಗಲಿಲ್ಲ.

ಮರುದಿನ ಗಿರಾಕಿ ಇಲ್ಲದ ಹೊತ್ತು ನೋಡಿ ಅವಳು ಗಿರಣಿಯ ತೂಕದ ಕಲ್ಲುಗಳನ್ನು ತಾನೇ ಹೊಂದಿಸಿ, ಕಾಳಿನ ಚೀಲ ತೂಗುವ ಹಲಗೆಯ ಮೇಲೆ ಹತ್ತಿ ನಿಂತಳು. ಕಡ್ಡಿ ನಡುವೆ ಬಂದು ನಿಂತಾಗ ನನ್ನನ್ನು ಕರೆದಳು.

“ಆರು ಪೆಂಟಿ ಅದೀನ್ರಿ. ಮೂರು ಪೆಂಟಿ ಬೆಲ್ಲ ಎಲ್ಲಿ ಹೋತು?”

ಚೀಲದಲ್ಲಿ ಅರ್ಧ ಕಿಲೋ ಕಡಿಮೆಯಾದರೆ ಎತ್ತಿದ ಕೂಡಲೆ ಹೇಳುವವನು ನಾನು. ನನ್ನ ಮನೆಯಲ್ಲಿ ಮೂವತ್ತು ಕಿಲೋ ಹೋದದ್ದು ನನಗೆ ತಿಳಿದಿರಲಿಲ್ಲ. ಅಲ್ಲ, ತಿಳಿದಿತ್ತು, ಅದನ್ನು ಚಂದ ಎಂದುಕೊಂಡಿದ್ದೆ. ಮರುದಿನವೇ ಬಳ್ಳಾರಿಯ ಆಸ್ಪತ್ರೆಗೆ ಹೋದೆವು. ಹೊಟ್ಟೆಯಲ್ಲಿ ಗಡ್ಡೆ ಇತ್ತು. ತಡವಾಗಿತ್ತು.

ಏಳು ತಿಂಗಳು ಅವಳು ಹಠ ಬಿಡಲಿಲ್ಲ. ಮಲಗಿದಲ್ಲಿಂದಲೇ ಕೈ ಸನ್ನೆ ಮಾಡಿ ಟಿ.ವಿ.ಯ ಡೋಲು ನಿಲ್ಲಿಸುತ್ತಿದ್ದಳು. ನೋಡಲು ಬಂದವರು “ಎಷ್ಟು ಇಳಿದಿ ತಾಯಿ” ಅಂದರೆ, “ಹೋದ ವರ್ಷ ಇಳಸ್ಕೋ ಅಂದಾಕಿ ನೀನ ಅಲ್ಲೇನು?” ಎಂದು ಕೇಳಿ, ತಾನೇ ನಕ್ಕು ಅವರಿಗೆ ಚಹಾ ಮಾಡಿಸುತ್ತಿದ್ದಳು. ಕೊನೆಯ ಸಲ ಬಳೆಗಾರ ಬಂದಾಗ ಅವಳ ಕೈ ನೋಡಿ, ಸಣ್ಣ ಸೈಜಿನ, ಎರಡು ನಾಲ್ಕರ ಬಳೆ ತೆಗೆದ.

“ಅದನ್ನ ಒಳಗಿಡು. ಎರಡು ಹತ್ತು ಕೊಡು.”

“ನಿಲ್ಲಂಗಿಲ್ಲವ್ವ.”

“ನಿಲ್ಲಸ್ತೀನಿ. ಆ ಸೈಜಿಗೆ ನನ್ನ ಹೆಸರ ಇಟ್ಟೀಯಲ್ಲ.”

ಸೋಪು ಬೇಕಾಗಲಿಲ್ಲ. ಬಳೆಗಳನ್ನು ಹಸಿರು ದಾರದಿಂದ ಒಂದಕ್ಕೊಂದು ಬಿಗಿದು, ಆ ದಾರವನ್ನು ಮುಂಗೈಗೆ ನನ್ನ ಕೈಯಿಂದಲೇ ಕಟ್ಟಿಸಿಕೊಂಡಳು. ಹೋಗುವಾಗಲೂ ಅವು ಕೈಯಲ್ಲಿದ್ದವು.

ಆಮೇಲೆ ಗೋಡೆಗೆ ಹಾಕಲು ಫೋಟೋ ಬೇಕಾಯಿತು. ವೀರೇಶಿಯ ಹತ್ತಿರ ಹೋಗಿ, ಆ ದಿನ ಗುಡಿಯಲ್ಲಿ ನನಗೆ ತಿಳಿಯದಂತೆ ಒಂದಾದರೂ ತೆಗೆದಿದ್ದೆಯೇನೋ ಎಂದು ಕೇಳಿದೆ. ಅವನು ಹಳೆಯ ರೋಲುಗಳ ಡಬ್ಬಿ ಇಳಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ಇಡೀ ಮಧ್ಯಾಹ್ನ ಹುಡುಕಿದ. ಬರೀ ಬೆಲ್ಲದ ಪೆಂಟೆಗಳ ಫೋಟೋ ಒಂದು ಸಿಕ್ಕಿತು.

“ನೀವು ಬ್ಯಾಡ ಅಂದ್ರಲ್ರಿ” ಅಂದ, ಮೆಲ್ಲಗೆ.

ಹೀಗಾಗಿ ಸ್ಟುಡಿಯೋದಲ್ಲಿ ನಿಂತು ತೆಗೆಸಿದ ಫೋಟೋವನ್ನೇ ಹಾಕಿದ್ದೇವೆ. ಬಂದವರೆಲ್ಲ ಎಷ್ಟು ಲಕ್ಷಣವಾಗಿ ಕಾಣುತ್ತಾಳೆ ಎನ್ನುತ್ತಾರೆ. ಅವರಿಗೆ ನಾನು ಒಂಬತ್ತು ಪೆಂಟೆ ಬೆಲ್ಲದ ಕೊಟ್ರಮ್ಮನ ವಿಷಯ ಹೇಳುತ್ತೇನೆ. ಅವರು ಕೇಳಲಿ ಬಿಡಲಿ, ಪೂರ್ತಿ ಹೇಳುತ್ತೇನೆ. ಅವಳು ಆಗಲೇ ಚಂದ ಇದ್ದಳು ಎಂಬುದನ್ನೂ ಹೇಳುತ್ತೇನೆ.

ನಮ್ಮ ಗೋಡೆಯ ಮೇಲೆ ‘ನಂತರ’ದ ಫೋಟೋ ಇದೆ. ‘ಮೊದಲಿ’ನದು ಇಲ್ಲ.