ನನ್ನ ಷಡ್ಡಕನ ಚೀನಾ ದಂಡನಾಯಕ

ಅವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ದೇವದುರ್ಗದ ಕಚೇರಿಯೊಂದರಲ್ಲಿ ಕಾಲುವೆಗಳ ನಕ್ಷೆ ಬಿಡಿಸುತ್ತಿದ್ದವನು, ತಪ್ಪಿದ ಗೆರೆಯನ್ನು ಅರ್ಧ ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದ. ಬ್ಲೇಡು ಒರಗುತ್ತಿದ್ದ ಜಾಗ ಅದು. ಸೀಳಿನೊಳಗೆ ಕೂತ ಕಪ್ಪು ಶಾಯಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವನು ಅನ್ನ ಕಲಸುವಾಗ ಆ ಬೆರಳು ನೋಡಿ ನನಗೆ ಅಸಹ್ಯವಾಗುತ್ತಿತ್ತು ಎಂದು ಬರೆಯಬಹುದು. ಅದು ಸುಳ್ಳು. ನನಗೆ ಆಗುತ್ತಿದ್ದುದು ಹೊಟ್ಟೆಕಿಚ್ಚು. ಮೈಮೇಲೆ ಗುರುತು ಉಳಿಯುವಷ್ಟು ಕೆಲಸವನ್ನು ನಾನು ಎಂದೂ ಮಾಡಿರಲಿಲ್ಲ.

ಅವನು ನನ್ನ ಹೆಂಡತಿಯ ತಂಗಿಯ ಗಂಡ, ಷಡ್ಡಕ. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವನು, ಸಂಬಂಧದಲ್ಲಿ ಸಣ್ಣವನು. ಹೀಗಾಗಿ ಅವನು ನನ್ನನ್ನು ‘ಅಣ್ಣಾರ’ ಎನ್ನುತ್ತಿದ್ದ. ನಾನು ಅವನನ್ನು ಏನೂ ಅನ್ನದೆಯೇ ಕರೆಯುವ ಉಪಾಯ ಕಂಡುಕೊಂಡಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಪ್ರತಿ ಬೇಸಿಗೆ ರಜೆಗೆ ಇಬ್ಬರೂ ಸಂಸಾರ ಸಮೇತ ಮಾನ್ವಿಯ ಮಾವನ ಮನೆಗೆ ಹೋಗುತ್ತಿದ್ದೆವು. ನಾನು ರಾಯಚೂರಿನಲ್ಲಿ ಹೈಸ್ಕೂಲ್ ಮಾಸ್ತರ. ನನ್ನ ಮಟ್ಟಿಗೆ ಮಾತ್ರ ನಾನು ಲೇಖಕ. ಎರಡು ಕತೆ ಅಚ್ಚಾಗಿದ್ದವು. ಹಿಂದುಮುಂದಿಲ್ಲದ, ಎಲ್ಲಿಂದ ಬೇಕಾದರೂ ಓದಬಹುದಾದ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆಂದು ಎಲ್ಲರಿಗೂ ಹೇಳಿಕೊಂಡಿದ್ದೆ. ಮಾನ್ವಿಯಲ್ಲಿ ಊಟವಾದ ಮೇಲೆ ಮಾಳಿಗೆಯ ಕೋಣೆಗೆ ಹೋಗಿ ಕೂರುತ್ತಿದ್ದೆ. ಎರಡು ವರ್ಷದಿಂದ ಒಂದು ಸಾಲೂ ಬಂದಿರಲಿಲ್ಲ. ಅದು ಯಾರಿಗೂ ಗೊತ್ತಿಲ್ಲ ಎಂದು ನಂಬಿದ್ದೆ.

ಮನೆಗೆ ಬಂದವರಿಗೆ ಮಾವ ನಮ್ಮಿಬ್ಬರ ಪರಿಚಯ ಮಾಡಿಸುತ್ತಿದ್ದ ರೀತಿ ಇದು: “ಇವರು ನಮ್ಮ ಹಿರಿ ಅಳಿಯ, ಏನೋ ಬರೀತಾರ. ಇಂವ ಸಣ್ಣಾಂವ. ಇಂವ ಒಂದು ಆಟ ಕಟ್ಟ್ಯಾನ್ರಿ, ಒಳಗ ಬರ್ರಿ, ನೋಡೀರಂತ.”

ಆ ‘ಏನೋ’ ನನಗೆ ಇವತ್ತಿಗೂ ಕೇಳಿಸುತ್ತದೆ.

ಆಟ ಎಂದರೆ ಯುದ್ಧದಾಟ. ಕಚೇರಿಯಲ್ಲಿ ಬೇಡವೆಂದು ಎಸೆದ ನಕ್ಷೆಬಟ್ಟೆಯ ಬೆನ್ನಮೇಲೆ ಅವನು ನಮ್ಮ ಸೀಮೆಯನ್ನು ಬರೆದಿದ್ದ: ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ಚೌಕಗಳು, ಚೌಕಗಳಲ್ಲಿ ಕೋಟೆಗಳು. ಸೈನ್ಯ ಎಂದರೆ ರಟ್ಟಿನ ಬಿಲ್ಲೆ. ಆಡುವವರು ಒಬ್ಬೊಬ್ಬ ನಾಯಕನನ್ನು ಆರಿಸಿಕೊಳ್ಳಬೇಕು. ಕುದುರೆಯ ತುರ್ಕನಿದ್ದ, ತೋಪು ಹಾರಿಸುವ ಪರಂಗಿಯವನಿದ್ದ, ಬಿಲ್ಲು ಹಿಡಿದ ಬೇಡರ ನಾಯಕನಿದ್ದ. ಇವರ ನಡುವೆ ಎಲ್ಲಿಂದಲೋ ಬಂದವನು ಚೀನಾದ ದಂಡನಾಯಕ. ರಾಯಚೂರು ಸ್ಟೇಶನ್ನಿನ ಬಳಿ ಕೊಂಡ ಹಳೆಯ ಪತ್ರಿಕೆಯಲ್ಲಿ ಷಡ್ಡಕ ಅವನ ಬಗ್ಗೆ ಓದಿದ್ದನಂತೆ. ಸಾವಿರಾರು ವರ್ಷ ಹಿಂದಿನವನು. ಆದರೆ ಷಡ್ಡಕ ಬಿಲ್ಲೆಯ ಮೇಲೆ ಬರೆದ ಚಿತ್ರದಲ್ಲಿ ಅವನು ತೆಳು ಗಡ್ಡ ಬಿಟ್ಟುಕೊಂಡು, ಕೋಟೆಬಾಗಿಲ ಮುಂದೆ ನಮ್ಮೂರ ಹಗ್ಗದ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ಚೀನಾದಲ್ಲಿ ಹೊರಸು ಇತ್ತೇ ಎಂದು ನಾನು ಕೇಳಿದ್ದೆ. ಕೂರುವವರು ಎಲ್ಲ ಕಡೆಯೂ ಇರುತ್ತಾರಲ್ಲ ಎಂದಿದ್ದ. ಎಲ್ಲರೂ ನಕ್ಕರು. ನನ್ನ ಹೆಂಡತಿ ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕಳು.

ಈ ದಂಡನಾಯಕನಿಗೆ ಮಾತ್ರ ಒಂದು ವಿಶೇಷ ಅಧಿಕಾರ. ಅವನು ತನ್ನ ಕೋಟೆಯ ಬಾಗಿಲು ತೆರೆದಿಡಬಹುದು. ಒಳಗೆ ಸೈನ್ಯವಿದೆಯೋ ಇಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆದು ಬಿಲ್ಲೆಯ ಕೆಳಗೆ ಮುಚ್ಚಿಡಬೇಕು. ಖಾಲಿ ಕೋಟೆಗೆ ನುಗ್ಗಿದವನು ಗೆದ್ದ. ತುಂಬಿದ ಕೋಟೆಗೆ ನುಗ್ಗಿದವನ ದಂಡೆಲ್ಲ ನಾಶ. ನುಗ್ಗದೆ ತಿರುಗಿ ಹೋದರೆ ದಂಡನಾಯಕ ಗೆದ್ದ. ನೋಡಲು ಸಿಗುವುದು ಎದುರಾಳಿಯ ಮುಖ ಒಂದೇ.

ಒಂದು ಬೇಸಿಗೆ ನಾನು ಅವನ ತೆರೆದ ಬಾಗಿಲ ಮುಂದೆ ನಿಂತು, ಯೋಚಿಸಿ, ಹಿಂದಕ್ಕೆ ಹೋದೆ. ಚೀಟಿ ಖಾಲಿ ಎಂದಿತ್ತು. ಮರುವರ್ಷ ನುಗ್ಗಿದೆ. ಕೋಟೆ ತುಂಬಿತ್ತು. ಮಾವ ನಕ್ಕ ರಭಸಕ್ಕೆ ನಶ್ಯವೆಲ್ಲ ಧೋತರದ ಮೇಲೆ ಚೆಲ್ಲಿತು. ಅಥವಾ ಎರಡೂ ಒಂದೇ ಬೇಸಿಗೆಯಲ್ಲಿ ನಡೆದವೋ ಏನೋ. ಅವಮಾನಗಳನ್ನು ಬಿಡಿಸಿ ಇಡುವುದು ನನಗೆ ಬರುವುದಿಲ್ಲ.

ಆ ಮನೆಯಲ್ಲಿ ಮೊದಲ ರೊಟ್ಟಿ, ಮೊದಲ ಬಿಸಿನೀರು, ಗೋಡೆಗೆ ಒರಗುವ ಜಾಗ ಎಲ್ಲ ಹಿರಿ ಅಳಿಯನಿಗೇ. ನಾಯಕನನ್ನು ಆರಿಸುವ ಸರದಿಯೂ ಮೊದಲು ನನ್ನದೇ. ಆದರೂ ನಾನು ಪ್ರತಿಸಲ ಪರಂಗಿಯನ್ನೇ ತೆಗೆದುಕೊಳ್ಳುತ್ತಿದ್ದೆ. ದಂಡನಾಯಕನಿಗೆ ಕೈಚಾಚಿದರೆ ಅವನನ್ನು ನಾನು ಎಷ್ಟು ಬಯಸುತ್ತಿದ್ದೇನೆ ಎಂಬುದು ಬಯಲಾಗುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಹೊರಗೆ ಬಿಸಿಲು ಕಾಯುತ್ತಿತ್ತು ಎಂದು ನನ್ನ ನೆನಪು. ಮೋಡವಾಗಿತ್ತು ಎನ್ನುತ್ತಾಳೆ ಹೆಂಡತಿ.

“ಈ ಸಲ ಚೀನಾದಾಂವ ನನಗಿರ್ಲಿ,” ಎಂದೆ.

ಷಡ್ಡಕ ಆ ಬಿಲ್ಲೆಯನ್ನು ಅಂಗಿಯ ತುದಿಯಿಂದ ಒರೆಸಿ, ಎರಡೂ ಕೈಯಿಂದ ಕೊಟ್ಟ. “ನಿಮ್ಮ ಹಕ್ಕ ಅದ ಅಣ್ಣಾರ.”

ಆಟ ಬೇಗ ಕೆಟ್ಟಿತು. ನನ್ನ ದಂಡೆಲ್ಲ ತುಂಗಭದ್ರೆ ದಾಟುವಾಗ ಮುಗಿಯಿತು. ಉಳಿದದ್ದು ಮಾನ್ವಿಯ ಕೋಟೆ ಒಂದೇ. ಚೀಟಿಯ ಮೇಲೆ ‘ಖಾಲಿ’ ಎಂದು ಬರೆದು, ಮುಚ್ಚಿಟ್ಟು, ಬಾಗಿಲು ತೆರೆದೆ. ತುರ್ಕನನ್ನು ಆರಿಸಿಕೊಂಡಿದ್ದ ಅವನು ಕುದುರೆಗಳನ್ನೆಲ್ಲ ಹೊಡೆದುಕೊಂಡು ಬಂದು ಎದುರಿಗೆ ನಿಲ್ಲಿಸಿದ. ನನ್ನ ಮುಖ ನೋಡಿದ. ಎದ್ದುಹೋಗಿ ಕೊಡದಿಂದ ನೀರು ಕುಡಿದು ಬಂದು ಮತ್ತೊಮ್ಮೆ ನೋಡಿದ. ಆಮೇಲೆ ಒಂದೊಂದೇ ಬಿಲ್ಲೆಯನ್ನು ಹಿಂದಕ್ಕೆ ಸರಿಸಿದ.

ನಾನು ಚೀಟಿ ತೆಗೆದು ತೋರಿಸಿದೆ. ಗೆದ್ದಿದ್ದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮಾವ ಅವನ ಬೆನ್ನ ಮೇಲೆ ಕೈಯಿಟ್ಟು, “ಹಿರೇರಿಗೆ ಮರ್ಯಾದಿ ಕೊಡೋದಂದ್ರ ಹಿಂಗ ನೋಡಪಾ,” ಎಂದರು. ಅವನು ನಕ್ಷೆಬಟ್ಟೆ ಸುತ್ತತೊಡಗಿದ.

ಗೆದ್ದವನು ನಾನು, ಮೆಚ್ಚುಗೆ ಅವನಿಗೆ. ಮುಂದಿನ ಎರಡು ಬೇಸಿಗೆ ಉತ್ತರಪತ್ರಿಕೆ ತಿದ್ದುವ ನೆಪ ಹೇಳಿ ನಾನು ಮಾನ್ವಿಗೆ ಹೋಗಲಿಲ್ಲ. ಹೆಂಡತಿಯನ್ನಷ್ಟೇ ಬಸ್ಸು ಹತ್ತಿಸಿದೆ. ಹೋಗಿ ಬಂದವಳು ಆಟದ ಸುದ್ದಿ ಹೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಅವನಿಗೆ ಕಾಮಾಲೆ ಬಂತು. ದೇವದುರ್ಗದಲ್ಲಿ ನಾಟಿ ಔಷಧ ಮಾಡಿಸಿ, ತಡವಾದ ಮೇಲೆ ರಾಯಚೂರಿನ ಆಸ್ಪತ್ರೆಗೆ ತಂದರು. ಊರಿನಲ್ಲಿದ್ದವರು ನಾವೇ ಆದ್ದರಿಂದ ದಿನಾ ಗಂಜಿ ಒಯ್ಯುವುದು ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಅವನ ಹೆಂಡತಿ ಮಾತ್ರೆ ತರಲು ಹೋಗಿದ್ದಾಗ ಕೇಳಿಯೇಬಿಟ್ಟೆ, ಆವತ್ತು ನನಗೆ ಮರ್ಯಾದೆಗಾಗಿ ಬಿಟ್ಟುಕೊಟ್ಟೆಯಾ ಎಂದು. ಕೇಳುವಾಗ ‘ಬಿಟ್ಟುಕೊಟ್ರಿ’ ಎಂದಿದ್ದೆ. ಆ ಹಳದಿ ಕಣ್ಣಿನ ಮುಂದೆ ಏಕವಚನ ಹೊರಡಲಿಲ್ಲ.

“ಆಟದಾಗ ನಾ ಯಾರಿಗೂ ಬಿಟ್ಟಾಂವ ಅಲ್ರಿ ಅಣ್ಣಾರ. ನನ್ನ ಮಕ್ಳಿಗೂ ಬಿಟ್ಟಿಲ್ಲ.”

“ಮತ್ಯಾಕ ಹೊಳ್ಳಿ ಹೋದ್ರಿ?”

ಅವನು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. “ನೀವು ಮಾಳಿಗಿ ಮ್ಯಾಲ ಕುಂತಾಗ ನಾನಽ ಚಾ ತರ್ತಿದ್ದೆ. ಹಾಳಿ ಮ್ಯಾಲ ಒಂದಕ್ಷರ ಇರತಿರ್ಲಿಲ್ಲ, ನೋಡೀನಿ. ಆದ್ರೂ ಇವರು ಸುಮ್ಸುಮ್ನ ಕುಂದ್ರೋರಲ್ಲ, ಒಳಗೇನೋ ಕೂಡಿಸಾಕತ್ಯಾರ ಅನ್ನಿಸ್ತಿತ್ತು. ಆವತ್ತೂ ನಿಮ್ಮ ಮಾರಿ ಹಂಗಽ ಇತ್ತು. ಒಳಗ ದಂಡು ಅದ ಅಂತ ನಂಬಿದೆ, ಸೋತೆ.”

ನಾನು ಗಂಜಿಯ ಡಬ್ಬಿ ತೊಳೆಯಲು ನಲ್ಲಿಯ ಕಡೆ ಹೋದೆ. ಬಹಳ ಹೊತ್ತು ತೊಳೆದೆ.

ವಾರ ಕಳೆಯುವುದರೊಳಗೆ ಅವನು ಹೋದ. ಮಣ್ಣು ಮುಗಿಸಿ ದೇವದುರ್ಗದಿಂದ ಬಂದ ತಿಂಗಳಲ್ಲೇ ನಾನು ಬರೆಯತೊಡಗಿದೆ. ಇವತ್ತಿನವರೆಗೂ ನಿಲ್ಲಿಸಿಲ್ಲ. ನಾನು ಖಾಲಿಯಲ್ಲ ಎಂದು ನಂಬಿ ಸೋತವನು ಅವನೊಬ್ಬನೇ. ಅವನಿದ್ದಾಗ ನಾನು ಅವನ ಆಟದ ಬಗ್ಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ.

ಈ ಬರಹವನ್ನು ಮೊದಲು ಹೆಂಡತಿಗೆ ಓದಲು ಕೊಟ್ಟೆ. ಎರಡು ಸಲ ಓದಿದಳು. ಕಣ್ಣೊರೆಸಿಕೊಂಡು, “ನೀವು ಬರದದ್ದರಾಗೆಲ್ಲ ಇದಽ ಚಲೋ ಅದ ನೋಡ್ರಿ,” ಎಂದಳು. “ಯಾಕಂದ್ರ ಇದ್ರಾಗ ಅವರು ಅದಾರ.”

ನನಗೆ ಮತ್ತೆ ಹೊಟ್ಟೆ ಉರಿಯಿತು.